ಎಂಟು ಧ್ವಜಗಳ ಕೋಟೆಗಳು: ಶೆನ್ಯಾಂಗಿನಿಂದ ನಾನ್‌ಜಿಂಗಿನವರೆಗೆ

ಮೊದಲ ದಿನ: ಶೆನ್ಯಾಂಗ್

ಚೀನಾವನ್ನಾಳಿದ ಚಿಂಗ್ ಸಾಮ್ರಾಜ್ಯ ಉರುಳಿದ್ದು 1911ರ ಅಕ್ಟೋಬರಿನಿಂದ 1912ರ ಫೆಬ್ರುವರಿಯವರೆಗಿನ ನಾಲ್ಕೇ ತಿಂಗಳುಗಳಲ್ಲಿ. ಆ ತಿಂಗಳುಗಳಲ್ಲಿ ಆಳುತ್ತಿದ್ದ ಮಂಚೂ ಜನಕ್ಕೂ ಆಳಿಸಿಕೊಂಡ ಬಹುಸಂಖ್ಯಾತ ಹಾನ್ ಜನಕ್ಕೂ ನಡುವೆ ಏನು ನಡೆಯಿತೆಂಬುದನ್ನು ಆಯಾ ಊರಿನ ನೆಲದ ಮೇಲೆ ನಡೆದೇ ತಿಳಿಯಬೇಕೆಂಬ ಹಂಬಲ ನನಗೆ ಬಹಳ ಕಾಲದಿಂದ ಇತ್ತು. ಇಂಥ ಪ್ರವಾಸವನ್ನು ಶೆನ್ಯಾಂಗಿನಿಂದ ಆರಂಭಿಸುವುದೇ ಸರಿ, ಏಕೆಂದರೆ ಮಂಚೂ ಅರಸರು ಬೀಜಿಂಗನ್ನು ಸೇರುವ ಮೊದಲು ಕಟ್ಟಿಕೊಂಡಿದ್ದ ರಾಜಧಾನಿ ಇದು. ನೂರ್ಹಾಚಿ 1625ರಲ್ಲಿ ಇಲ್ಲಿಗೆ ಬಂದು ನೆಲೆಸಿದನು. ಅವನ ಮಗ ಹಾಂಗ್ ತೈಜಿ 1635ರಲ್ಲಿ ತನ್ನ ಜನಕ್ಕೆ ಮಂಚೂ ಎಂಬ ಹೆಸರನ್ನೂ ಮರುವರ್ಷ ತನ್ನ ರಾಜ್ಯಕ್ಕೆ ಚಿಂಗ್ ಎಂಬ ಹೆಸರನ್ನೂ ಕೊಟ್ಟನು.

ಅರಮನೆಯ ಪೂರ್ವದ ಅಂಗಳದಲ್ಲಿ ಎಂಟು ಮೂಲೆಯ ದೊಡ್ಡ ಸಭಾಭವನವಿದೆ. ಅದರ ಮುಂದೆ ಎರಡು ಸಾಲುಗಳಲ್ಲಿ ಹತ್ತು ಮಂಟಪಗಳು ನಿಂತಿವೆ. ಅವುಗಳಲ್ಲಿ ಎರಡು ಎಡಬಲದ ರಾಜಕುಮಾರರವು, ಉಳಿದ ಎಂಟು ಎಂಟು ಧ್ವಜಗಳ ನಾಯಕರವು. ಹಳದಿ, ಬಿಳಿ, ಕೆಂಪು, ನೀಲಿ ಎಂಬ ನಾಲ್ಕು ಬಣ್ಣಗಳು, ಪ್ರತಿ ಬಣ್ಣದಲ್ಲೂ ಅಂಚಿಲ್ಲದ ಒಂದು ಮತ್ತು ಅಂಚುಳ್ಳ ಒಂದು ಧ್ವಜ: ಈ ಎಂಟು ವಿಭಾಗಗಳಲ್ಲಿ ಸೈನಿಕರಷ್ಟೇ ಅಲ್ಲ, ಅವರ ಹೆಂಡತಿ, ಮಕ್ಕಳು, ಆಳುಗಳು ಎಲ್ಲರೂ ಹೆಸರು ಬರೆಸಿಕೊಂಡಿದ್ದರು. ಮುಂದೆ ಮಂಗೋಲರಿಗೂ ಆರಂಭದಲ್ಲೇ ಮಂಚೂಗಳ ಪಕ್ಷ ಸೇರಿದ ಹಾನ್ ಸೈನಿಕರಿಗೂ ಇದೇ ಬಣ್ಣಗಳ ಪ್ರತ್ಯೇಕ ಧ್ವಜಗಳು ಏರ್ಪಟ್ಟವು. ಹೀಗಾಗಿ ಚಿಂಗ್ ಕಾಲದ ಮುಖ್ಯ ಗೆರೆ ಹರಿದದ್ದು ರಕ್ತದ ಆಧಾರದ ಮೇಲಲ್ಲ, ಧ್ವಜಕ್ಕೆ ಸೇರಿದವರು ಮತ್ತು ಸೇರದ ಸಾಮಾನ್ಯ ಪ್ರಜೆಗಳು ಎಂಬ ನೆಲೆಯಲ್ಲಿ. ಆ ಗೆರೆಯನ್ನು ಜನಾಂಗದ ಗೆರೆಯೆಂದು ಎಲ್ಲರೂ ಓದತೊಡಗಿದ್ದು ಸಾಮ್ರಾಜ್ಯದ ಕೊನೆಯ ಹತ್ತು ಹದಿನೈದು ವರ್ಷಗಳಲ್ಲಿ ಎಂಬುದು ನನ್ನ ನಂಬಿಕೆ, ಮತ್ತು ಹಾಗೆ ಓದಿದ್ದರ ಫಲ ಎಷ್ಟು ಭೀಕರವಾಗಿತ್ತೆಂಬುದನ್ನು ಮುಂದಿನ ಊರುಗಳು ಹೇಳುತ್ತವೆ.

ಎರಡನೆಯ ದಿನ: ಷಾನ್‌ಹೈಗುವಾನ್ ದಾಟಿ

ಬೀಜಿಂಗಿಗೆ ಹೋಗಲು ವೇಗದ ಹೊಸ ಮಾರ್ಗವಿದ್ದರೂ ಕರಾವಳಿಯ ಹಳೆಯ ದಾರಿಯ ರೈಲನ್ನೇ ಹಿಡಿದೆ. ಮಹಾಗೋಡೆ ಸಮುದ್ರವನ್ನು ಮುಟ್ಟುವ ಷಾನ್‌ಹೈಗುವಾನ್ ಈ ದಾರಿಯಲ್ಲಿದೆ. 1644ರಲ್ಲಿ ಬಂಡಾಯಗಾರರು ಬೀಜಿಂಗನ್ನು ಹಿಡಿದು ಮಿಂಗ್ ಚಕ್ರವರ್ತಿ ನೇಣು ಹಾಕಿಕೊಂಡ ಮೇಲೆ, ಇಲ್ಲಿಯ ಕಾವಲಿಗಿದ್ದ ಮಿಂಗ್ ಸೇನಾಪತಿ ವೂ ಸಾನ್‌ಗುಯ್ ಮಂಚೂ ಸೈನ್ಯದೊಡನೆ ಕೈಜೋಡಿಸಿ ಅದಕ್ಕೆ ಬಾಗಿಲು ತೆರೆದನು. ಮರುವರ್ಷ ಹಾನ್ ಗಂಡಸರೆಲ್ಲರೂ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕೆಂಬ ಆಜ್ಞೆ ಹೊರಟಿತು. ಕೂದಲು ಉಳಿಸಿಕೊಂಡರೆ ತಲೆ ಉಳಿಯುವುದಿಲ್ಲವೆಂಬ ಮಾತು ಆಗ ಹುಟ್ಟಿದ್ದು. ಅದೇ ವರ್ಷ ಯಾಂಗ್‌ಝೌ ಪಟ್ಟಣದಲ್ಲಿ ನಡೆದ ಹತ್ಯಾಕಾಂಡದ ನೆನಪು ಇನ್ನೂರೈವತ್ತು ವರ್ಷಗಳ ಬಳಿಕ ಕ್ರಾಂತಿಕಾರರ ಕರಪತ್ರಗಳಲ್ಲಿ ಮತ್ತೆ ಜೀವ ಪಡೆಯಿತು.

ರೈಲಿನ ಎರಡೂ ಬದಿಗೆ ಜೋಳದ ಹೊಲಗಳು. ಮಂಚೂ ಅರಸರು ತಮ್ಮ ತಾಯ್ನೆಲಕ್ಕೆ ಹಾನ್ ರೈತರು ಬಂದು ನೆಲೆಸುವುದನ್ನು ಬಹುಕಾಲ ನಿಷೇಧಿಸಿದ್ದರು. ಆದರೂ ಬರಗಾಲದ ಹೊಡೆತಕ್ಕೆ ಸಿಕ್ಕ ಷಾಂಡಾಂಗಿನ ಬಡವರು ನುಸುಳಿ ಬರುತ್ತಲೇ ಇದ್ದರು, ಮತ್ತು 1860ರ ಬಳಿಕ ರಷ್ಯಾದ ಭಯದಿಂದ ಸರ್ಕಾರವೇ ಹಂತ ಹಂತವಾಗಿ ಬಾಗಿಲು ತೆಗೆಯಿತು. ಸಾಮ್ರಾಜ್ಯ ಬೀಳುವ ಹೊತ್ತಿಗೆ ಮಂಚೂರಿಯಾದಲ್ಲಿಯೇ ಮಂಚೂಗಳು ಅಲ್ಪಸಂಖ್ಯಾತರಾಗಿದ್ದರು, ಹಿಂದಿರುಗಿ ಹೋಗುವುದಕ್ಕೆ ಅವರಿಗೆ ತಮ್ಮದೆಂಬ ನೆಲ ಉಳಿದಿರಲಿಲ್ಲ.

ಮೂರನೆಯ ದಿನ: ಬೀಜಿಂಗ್

ನಿಷಿದ್ಧ ನಗರಿಯ ಒಳಹೋದವರು ಬಾಗಿಲುಗಳ ಮೇಲಿನ ಹೆಸರುಪಟ್ಟಿಗಳನ್ನು ತಲೆಯೆತ್ತಿ ನೋಡಬೇಕು. ಒಳ ಅರಮನೆಯ ಬಾಗಿಲುಗಳ ಮೇಲೆ ಚೀನೀ ಅಕ್ಷರಗಳ ಪಕ್ಕದಲ್ಲಿ ಮೇಲಿನಿಂದ ಕೆಳಗೆ ಇಳಿಯುವ ಮಂಚೂ ಬರಹ ಈಗಲೂ ಇದೆ. ಹೊರ ಆವರಣದ ಮೂರು ಮಹಾಸಭಾಭವನಗಳ ಮೇಲೆ ಅದು ಇಲ್ಲ. ಗಣರಾಜ್ಯದ ಅಧ್ಯಕ್ಷನಾದ ಯುವಾನ್ ಷಿಕಾಯ್ ತಾನೇ ಚಕ್ರವರ್ತಿಯಾಗಲು ಹೊರಟ ಕಾಲದಲ್ಲಿ ಅವನ್ನು ತೆಗೆಸಿದನು. ಸಾಮ್ರಾಜ್ಯವನ್ನು ಕಳೆದುಕೊಂಡ ಮೇಲೂ 1924ರವರೆಗೆ ಕೊನೆಯ ಚಕ್ರವರ್ತಿ ಬಾಲಕ ಪೂಯಿ ಮತ್ತು ಅವನ ಪರಿವಾರ ಒಳಭಾಗದಲ್ಲಿ ವಾಸವಾಗಿದ್ದುದರಿಂದ ಅಲ್ಲಿಯ ಮಂಚೂ ಬರಹ ಉಳಿದುಕೊಂಡಿತು. ಅಧಿಕಾರದ ಗಡಿ ಎಲ್ಲಿಗೆ ಬಂದು ನಿಂತಿತ್ತೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಗುರುತು ಬೇರೊಂದಿಲ್ಲ.

ಚಿಂಗ್ ಸರ್ಕಾರದ ಆರು ಇಲಾಖೆಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಮಂಚೂ ಮತ್ತು ಒಬ್ಬ ಹಾನ್ ಮುಖ್ಯಸ್ಥರಿರುತ್ತಿದ್ದರು. ಜನಸಂಖ್ಯೆಯಲ್ಲಿ ನೂರಕ್ಕೆ ಒಂದೆರಡರಷ್ಟಿದ್ದವರಿಗೆ ಅರ್ಧ ಪಾಲು ಎಂಬುದು ಅನ್ಯಾಯವೇ ಹೌದು, ಆದರೆ ಹಾನ್ ಅಧಿಕಾರಿಗಳು ಅದಕ್ಕೆ ಒಗ್ಗಿಕೊಂಡಿದ್ದರು. 1900ರ ಬಾಕ್ಸರ್ ದಂಗೆಯಲ್ಲಿ ವಿದೇಶಿ ಸೈನ್ಯಗಳಿಂದಾದ ಸೋಲಿನ ನಂತರ ಆಸ್ಥಾನ ಸುಧಾರಣೆಗಳಿಗೆ ಕೈಹಾಕಿತು. 1902ರಲ್ಲಿ ರಾಜಮಾತೆ ಸಿಷಿ ಮಂಚೂ ಮತ್ತು ಹಾನ್ ಕುಟುಂಬಗಳ ನಡುವಿನ ಮದುವೆಯ ನಿಷೇಧವನ್ನು ರದ್ದುಪಡಿಸಿದಳು. 1906ರಲ್ಲಿ ಇಬ್ಬಿಬ್ಬರು ಮುಖ್ಯಸ್ಥರ ಪದ್ಧತಿಯೂ ಹೋಯಿತು. 1907ರ ಜುಲೈಯಲ್ಲಿ ಆನ್‌ಹುಯ್ ಪ್ರಾಂತದ ಮಂಚೂ ರಾಜ್ಯಪಾಲ ಎನ್‌ಮಿಂಗನನ್ನು ಅವನ ಕೈಕೆಳಗಿನ ಅಧಿಕಾರಿಯೇ ಆಗಿದ್ದ ಕ್ರಾಂತಿಕಾರ ಷೂ ಷಿಲಿನ್ ಗುಂಡಿಟ್ಟು ಕೊಂದ ಮೇಲೆ, ಎರಡು ಜನಗಳ ನಡುವಿನ ಭೇದವನ್ನು ಅಳಿಸುವುದು ಹೇಗೆಂದು ಅಭಿಪ್ರಾಯ ಕೇಳುವ ರಾಜಾಜ್ಞೆ ಹೊರಟಿತು. ಧ್ವಜಗಳನ್ನು ವಿಸರ್ಜಿಸಿ, ಅವರಿಗೆ ಜಮೀನು ಮತ್ತು ಕಸುಬು ಕೊಟ್ಟು, ಎಲ್ಲರನ್ನೂ ಒಂದೇ ಕಾನೂನಿಗೆ ಒಳಪಡಿಸಬೇಕೆಂಬ ಸಲಹೆಗಳು ಬಂದವು. ಸಲಹೆ ಕೊಟ್ಟವರಲ್ಲಿ ಮಂಚೂಗಳೂ ಇದ್ದರು.

ಆ ಸಲಹೆಗಳಂತೆ ನಡೆದಿದ್ದರೆ ಮುಂದಿನ ಸಾವುಗಳಲ್ಲಿ ಹೆಚ್ಚಿನವು ತಪ್ಪುತ್ತಿದ್ದವೆಂದು ನಾನು ದೃಢವಾಗಿ ನಂಬುತ್ತೇನೆ. ಆದರೆ 1908ರ ನವೆಂಬರಿನಲ್ಲಿ ಗುವಾಂಗ್‌ಷು ಚಕ್ರವರ್ತಿಯೂ ಮರುದಿನವೇ ಸಿಷಿಯೂ ತೀರಿಕೊಂಡರು. ಎರಡು ವರ್ಷದ ಮಗು ಪೂಯಿಯ ಹೆಸರಿನಲ್ಲಿ ಆಳಿದ ತಂದೆ ಝೈಫೆಂಗ್ ಸೈನ್ಯವನ್ನೂ ನೌಕಾಪಡೆಯನ್ನೂ ತನ್ನ ತಮ್ಮಂದಿರ ಕೈಗೆ ಒಪ್ಪಿಸಿದನು. 1911ರ ಮೇ 8ರಂದು ಪ್ರಕಟವಾದ ಮೊದಲ ಮಂತ್ರಿಮಂಡಲದ 13 ಮಂದಿಯಲ್ಲಿ ಹಾನ್ ಜನ ನಾಲ್ವರೇ ಇದ್ದರು, ಪ್ರಧಾನಿಯೂ ರಾಜವಂಶದ ಕುಮಾರನೇ ಆಗಿದ್ದನು. ಸಂವಿಧಾನಬದ್ಧ ರಾಜಪ್ರಭುತ್ವಕ್ಕಾಗಿ ವರ್ಷಗಟ್ಟಲೆ ಮನವಿ ಸಲ್ಲಿಸುತ್ತಿದ್ದ ಹಾನ್ ಗಣ್ಯರು ಅಂದೇ ಅರಮನೆಯ ಮೇಲಿನ ಭರವಸೆಯನ್ನು ಕಳೆದುಕೊಂಡರು.

ನಾಲ್ಕನೆಯ ದಿನ: ಬೀಜಿಂಗಿನ ಒಳಪಟ್ಟಣ

1648ರಲ್ಲಿ ಒಳಪಟ್ಟಣದ ಹಾನ್ ನಿವಾಸಿಗಳನ್ನು ದಕ್ಷಿಣದ ಹೊರಪಟ್ಟಣಕ್ಕೆ ಕಳುಹಿಸಿ, ಅರಮನೆಯ ಸುತ್ತಲಿನ ಕೇರಿಗಳನ್ನು ಎಂಟು ಧ್ವಜಗಳಿಗೆ ದಿಕ್ಕು ದಿಕ್ಕಾಗಿ ಹಂಚಲಾಯಿತು. ಎರಡು ಪಟ್ಟಣಗಳ ನಡುವಿನ ಗೋಡೆಯಲ್ಲಿ ಇಂದು ಸ್ವಲ್ಪ ಭಾಗ ಮಾತ್ರ ಉಳಿದಿದೆ, ಚಿಯಾನ್‌ಮೆನ್ ಹೆಬ್ಬಾಗಿಲು ನಿಂತಿದೆ. ಓಣಿಗಳಲ್ಲಿ ನಡೆಯುವಾಗ ಸಾಮಾನ್ಯ ಧ್ವಜ ಸೈನಿಕನ ಬದುಕಿನ ಬಗ್ಗೆ ಯೋಚಿಸಿದೆ. ಅವನು ವ್ಯಾಪಾರ ಮಾಡುವಂತಿರಲಿಲ್ಲ, ಬೇಸಾಯ ಮಾಡುವಂತಿರಲಿಲ್ಲ, ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ತಿಂಗಳಿಗೆ ಬರುವ ಬೆಳ್ಳಿಯ ಸಂಬಳ ಮತ್ತು ಕಾಲಕಾಲಕ್ಕೆ ಬರುವ ಅಕ್ಕಿಯ ಪಡಿಯೇ ಅವನ ಜೀವನಾಧಾರ. ಸೈನಿಕ ಹುದ್ದೆಗಳು ಹೆಚ್ಚಲಿಲ್ಲ, ಕುಟುಂಬಗಳು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಬೆಳೆದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಂಬಳವನ್ನು ಕಡಿತಗೊಳಿಸಿ ಕೊಡುತ್ತಿದ್ದರು, ಬಹುಪಾಲು ಮನೆಗಳು ಸಾಲದಲ್ಲಿ ಮುಳುಗಿದ್ದವು. ಮಾತು ಕೂಡ ಬಹಳ ಹಿಂದೆಯೇ ಚೀನೀ ಆಗಿಹೋಗಿತ್ತು. ಹಾನ್ ರೈತನ ಕಣ್ಣಿಗೆ ದುಡಿಯದೆ ಉಣ್ಣುವವನಾಗಿ ಕಂಡ ಈ ಮನುಷ್ಯ ವಾಸ್ತವದಲ್ಲಿ ದುಡಿಯುವ ಹಕ್ಕನ್ನೇ ಕಳೆದುಕೊಂಡವನಾಗಿದ್ದನು.

ಐದನೆಯ ದಿನ: ವೂಹಾನ್

ಇಂದಿನ ವೂಹಾನಿನಲ್ಲಿ ಸೇರಿರುವ ವೂಚಾಂಗಿನ ಕೆಂಪು ಕಟ್ಟಡ ಮೊದಲು ಹುಬೆಯ್ ಪ್ರಾಂತದ ಸಲಹಾ ಸಭೆಯ ಭವನವಾಗಿತ್ತು. 1911ರ ಅಕ್ಟೋಬರ್ 10ರ ರಾತ್ರಿ ಆಧುನಿಕ ತರಬೇತಿ ಪಡೆದ ಹೊಸ ಸೈನ್ಯದ ಸಿಪಾಯಿಗಳು ದಂಗೆಯೆದ್ದರು. ಹಿಂದಿನ ದಿನ ಹಾಂಕೋವಿನಲ್ಲಿ ಕ್ರಾಂತಿಕಾರರ ಬಾಂಬು ಅಕಸ್ಮಾತ್ತಾಗಿ ಸಿಡಿದು ಅವರ ಗುಟ್ಟು ಬಯಲಾಗಿತ್ತು, 10ರ ಮುಂಜಾವದಲ್ಲಿ ಮೂವರ ತಲೆ ಕಡಿಯಲಾಗಿತ್ತು. ಮಂಚೂ ಪ್ರಾಂತಾಧಿಪತಿ ರುಯ್‌ಚೆಂಗ್ ಯುದ್ಧದೋಣಿಯೇರಿ ತಪ್ಪಿಸಿಕೊಂಡನು. ಮರುದಿನ ಈ ಕಟ್ಟಡದಲ್ಲಿಯೇ ಸೈನಿಕ ಸರ್ಕಾರ ಸ್ಥಾಪಿತವಾಯಿತು. ಕಟ್ಟಡದ ಎದುರಿಗೆ ಕ್ರಾಂತಿಕಾರರ ನಾಯಕ ಸನ್ ಯಾತ್ ಸೆನ್ ಪ್ರತಿಮೆಯಿದೆ, ಆ ರಾತ್ರಿ ಅವರು ಅಮೆರಿಕದಲ್ಲಿದ್ದರು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಇಲ್ಲಿಯ ಧ್ವಜ. ಕೆಂಪು ಬಟ್ಟೆಯ ಮೇಲೆ ಕಪ್ಪು ಮೊನೆಗಳು, ಅವುಗಳ ಮೇಲೆ 18 ಹಳದಿ ಚುಕ್ಕೆಗಳು. ಹದಿನೆಂಟು ಎಂದರೆ ಮಹಾಗೋಡೆಯ ಒಳಗಿನ ಹದಿನೆಂಟು ಹಾನ್ ಪ್ರಾಂತಗಳು. ಮಂಚೂರಿಯಾ, ಮಂಗೋಲಿಯಾ, ಷಿನ್‌ಜಿಯಾಂಗ್, ಟಿಬೆಟ್ ಆ ಧ್ವಜದಲ್ಲಿ ಇರಲಿಲ್ಲ. ಸನ್ ಯಾತ್ ಸೆನ್ 1905ರಲ್ಲಿ ಟೋಕಿಯೋದಲ್ಲಿ ಕಟ್ಟಿದ ಒಕ್ಕೂಟದ ಪ್ರತಿಜ್ಞೆಯ ಮೊದಲ ಮಾತೇ ತಾರ್ತರರನ್ನು, ಎಂದರೆ ಮಂಚೂಗಳನ್ನು, ಹೊರದೂಡುವುದು ಎಂದಿತ್ತು. ಯುವಕ ಝೌ ರಾಂಗ್ 1903ರಲ್ಲಿ ಬರೆದ, ಲಕ್ಷಾಂತರ ಜನ ಓದಿದ ಕರಪತ್ರ ಅದಕ್ಕಿಂತ ಉಗ್ರವಾಗಿತ್ತು. ಅದನ್ನು ಬರೆದುದಕ್ಕಾಗಿ ಅವನು ಷಾಂಘೈ ಸೆರೆಮನೆಯಲ್ಲಿ ಇಪ್ಪತ್ತರ ಹರೆಯದಲ್ಲಿ ಪ್ರಾಣಬಿಟ್ಟನು. ಆ ತರುಣರ ತ್ಯಾಗವನ್ನು ನಾನು ಗೌರವಿಸುತ್ತೇನೆ. ಅವರ ಬರಹದಲ್ಲಿದ್ದ ಜನಾಂಗದ್ವೇಷವನ್ನು ಮಾತ್ರ ಆ ಗೌರವದ ಮರೆಯಲ್ಲಿ ಕಾಣದಂತೆ ಮಾಡಲಾಗದು. ದಂಗೆಯ ಮೊದಲ ದಿನಗಳಲ್ಲಿ ವೂಚಾಂಗಿನಲ್ಲಿ ನೂರಾರು ಮಂಚೂಗಳನ್ನು, ಸೈನಿಕರನ್ನೂ ಅವರ ಮನೆಯವರನ್ನೂ, ಹುಡುಕಿ ಕೊಂದರು. ಉತ್ತರದವರ ಉಚ್ಚಾರಣೆಯಿಂದ ಗಂಡಸರನ್ನು ಗುರುತಿಸಿದರು. ಮಂಚೂ ಹೆಂಗಸರು ಹಾನ್ ಹೆಂಗಸರಂತೆ ಪಾದ ಕಟ್ಟುತ್ತಿರಲಿಲ್ಲವಾದ್ದರಿಂದ ಅವರ ಪಾದಗಳೇ ಅವರಿಗೆ ಮೃತ್ಯುವಾದವು. ಕೊಲೆ ನಿಲ್ಲಿಸಬೇಕೆಂಬ ಆಜ್ಞೆ ಹೊರಡುವುದಕ್ಕೆ ಕೆಲವು ದಿನಗಳೇ ಹಿಡಿದವು.

ಆರನೆಯ ದಿನ: ಷಿಯಾನ್

ಪ್ರವಾಸಿಗರು ಷಿಯಾನಿಗೆ ಬರುವುದು ಮಣ್ಣಿನ ಸೈನಿಕರನ್ನು ನೋಡಲು. ನಾನು ಅತ್ತ ಹೋಗದೆ ಊರ ನಡುವಿನ ಗಂಟೆ ಗೋಪುರದ ಬಳಿ ನಿಂತೆ, ಏಕೆಂದರೆ ಮಂಚೂ ಕೋಟೆಯ ನೈಋತ್ಯ ಮೂಲೆ ಇದೇ ಆಗಿತ್ತು. ಇಲ್ಲಿಂದ ಪೂರ್ವಕ್ಕೆ ಹೋಗುವ ದೊಡ್ಡ ಬೀದಿ ಮತ್ತು ಉತ್ತರಕ್ಕೆ ಹೋಗುವ ದೊಡ್ಡ ಬೀದಿಗಳ ಗುಂಟ ಅದರ ಗೋಡೆಗಳು ಹಾದುಹೋಗುತ್ತಿದ್ದವು. ಉಳಿದ ಎರಡು ಬದಿಗೆ ಊರಿನ ಹೊರಕೋಟೆಯೇ ಗೋಡೆ. ಹೀಗೆ ಊರಿನ ಈಶಾನ್ಯ ಭಾಗವೆಲ್ಲವೂ ಹದಿನೇಳನೆಯ ಶತಮಾನದ ನಡುವಿನಿಂದ ಧ್ವಜದವರ ದಂಡಾಗಿತ್ತು. ಹೊರಗೆ ಹಾನ್ ಮತ್ತು ಮುಸಲ್ಮಾನ ಕೇರಿಗಳು, ಒಳಗೆ ಮಂಚೂ ಕೇರಿಗಳು, ನಡುವೆ ಇನ್ನೂರೈವತ್ತು ವರ್ಷದ ಗೋಡೆ.

ಅಕ್ಟೋಬರ್ 22ರಂದು ಇಲ್ಲಿಯ ಹೊಸ ಸೈನ್ಯ ಮತ್ತು ಗೆಲಾವೋಹುಯ್ ಎಂಬ ಗುಪ್ತ ಸಂಘದವರು ಸೇರಿ ದಂಗೆಯೆದ್ದು ಶಸ್ತ್ರಾಗಾರವನ್ನು ಹಿಡಿದರು. ದಂಡಿನವರು ಬಾಗಿಲು ಹಾಕಿಕೊಂಡು ಗೋಡೆಯ ಮೇಲಿನಿಂದ ಹೋರಾಡಿದರು, ಅವರ ಬಳಿ ಇದ್ದವು ಹೆಚ್ಚಾಗಿ ಹಳೆಯ ಆಯುಧಗಳು. 23ರಂದು ಆರಂಭವಾದ ಆಕ್ರಮಣದಲ್ಲಿ ಗೋಡೆ ಒಡೆಯಿತು. ಆಮೇಲೆ ಮನೆಮನೆಗೆ ನುಗ್ಗಿ ಕೊಲೆ, ಲೂಟಿ, ಬೆಂಕಿ. ಎಷ್ಟೋ ಹೆಂಗಸರು ಮಕ್ಕಳೊಡನೆ ಬಾವಿಗೆ ಹಾರಿದರು, ದಂಡಿನ ಅಧಿಪತಿ ವೆನ್‌ರುಯ್ ಕೂಡ ಬಾವಿಯಲ್ಲಿಯೇ ಪ್ರಾಣಬಿಟ್ಟನು. ಆಗ ಷಿಯಾನಿನಲ್ಲಿದ್ದ ಕ್ರೈಸ್ತ ಪಾದ್ರಿಗಳು ಸತ್ತವರು 10,000ಕ್ಕೆ ಕಡಿಮೆಯಿಲ್ಲವೆಂದು ಅಂದಾಜು ಮಾಡಿದ್ದಾರೆ. ರಕ್ತಪಾತ ಕಡಿಮೆಯಾಗಿ ಮುಗಿದ ಕ್ರಾಂತಿಯೆಂದು 1911ನ್ನು ಕೊಂಡಾಡುವ ಬರಹಗಳನ್ನು ಓದುವಾಗಲೆಲ್ಲ ಈ ಸಂಖ್ಯೆ ನನಗೆ ನೆನಪಾಗುತ್ತದೆ.

ಏಕೆ ಇಲ್ಲಿ ಇಷ್ಟು ಭೀಕರವಾಯಿತು? ಗುವಾಂಗ್‌ಝೌ ಮುಂತಾದ ಊರುಗಳಲ್ಲಿ ದಂಡಿನವರೂ ಕ್ರಾಂತಿಕಾರರೂ ಮಾತುಕತೆಗೆ ಕೂರುವ ಮೊದಲು ಅವರಿಗೆ ಕೆಲವು ವಾರಗಳ ಅವಕಾಶ ಸಿಕ್ಕಿತು. ಬೇರೆಡೆ ಏನಾಯಿತೆಂಬ ಸುದ್ದಿ ಎರಡೂ ಕಡೆ ತಲುಪಿತ್ತು. ಷಿಯಾನ್ ವೂಚಾಂಗಿನ ಹಿಂದೆಯೇ ಎದ್ದ ಊರು. ಶರಣಾದರೆ ಬದುಕಬಹುದೆಂಬ ಉದಾಹರಣೆ ಇನ್ನೂ ಒಂದೂ ಇರಲಿಲ್ಲ, ಕೊಲ್ಲುತ್ತಾರೆಂಬ ಸುದ್ದಿ ಮಾತ್ರ ಇತ್ತು. ಒಳಗಿನವರು ಭಯದಿಂದ ಹೋರಾಡಿದರು, ಆ ಹೋರಾಟವೇ ಹೊರಗಿನವರಿಗೆ ಕೊಲೆಯ ಸಮರ್ಥನೆಯಾಯಿತು. ಇಬ್ಬರೂ ಒಬ್ಬರನ್ನೊಬ್ಬರು ತಿಳಿಯದಂತೆ ತಡೆದದ್ದು ಆ ಗೋಡೆ, ಮತ್ತು ಗೋಡೆಯನ್ನು ಕೊನೆಯವರೆಗೆ ಕಾಪಾಡಿಕೊಂಡು ಬಂದದ್ದು ಬೀಜಿಂಗಿನ ಆಸ್ಥಾನ.

ಗೋಡೆ ಈಗ ಇಲ್ಲ. ರೈಲುನಿಲ್ದಾಣದವರೆಗೆ ನಡೆದೆ, ಬಟ್ಟೆ ಅಂಗಡಿಗಳು, ಆಸ್ಪತ್ರೆಗಳು, ಪ್ರಾಂತೀಯ ಸರ್ಕಾರದ ಕಚೇರಿಗಳು ಇವೆ. ಕೊಲೆಯಾದ ಕುಟುಂಬಗಳ ಬಗ್ಗೆ ಒಂದು ಫಲಕವೂ ನಾನು ನಡೆದ ಬೀದಿಗಳಲ್ಲಿ ಕಣ್ಣಿಗೆ ಬೀಳಲಿಲ್ಲ. ಅಂದು ಸತ್ತವರಲ್ಲಿ ಮಂತ್ರಿಮಂಡಲದ ಹದಿಮೂರು ಮಂದಿಯ ಹೆಸರನ್ನು ಹೇಳಬಲ್ಲವರು ಎಷ್ಟು ಜನ ಇದ್ದರೋ. ಅವರಿಗೊಂದು ಕಲ್ಲನ್ನಾದರೂ ನಿಲ್ಲಿಸಬೇಕಿತ್ತು.

ಏಳನೆಯ ದಿನ: ಚೆಂಗ್ದು

ಪರ್ವತಗಳನ್ನು ಕೊರೆದು ಹಾಕಿದ ಹಳಿಯ ಮೇಲೆ ರೈಲು ನಾಲ್ಕು ಗಂಟೆಯೊಳಗೆ ಚೆಂಗ್ದುವಿಗೆ ತಲುಪಿಸಿತು. ಇಲ್ಲಿಯ ಮಂಚೂ ಕೋಟೆಯ ಅಗಲ ಓಣಿ ಮತ್ತು ಕಿರು ಓಣಿಗಳು ಇಂದು ತಿನಿಸಿನ ಅಂಗಡಿಗಳಿಂದ ತುಂಬಿವೆ. ಗುಂಪಿನಲ್ಲಿ ಹೆಚ್ಚು ಹೊತ್ತು ಇರಲಾರದೆ ಸಮೀಪದ ಜನತಾ ಉದ್ಯಾನಕ್ಕೆ ಹೋಗಿ ಚಹಾ ಕುಡಿಯುತ್ತ ಕುಳಿತೆ.

ಈ ಉದ್ಯಾನದ ಕಥೆ ಹೇಳಲೇಬೇಕಾದದ್ದು. ದಂಡಿನ ಅಧಿಪತಿಯಾಗಿದ್ದ ಯೂಕುನ್ 1911ರಲ್ಲಿ ಕೋಟೆಯೊಳಗಿನ ಈ ಜಾಗವನ್ನು ಉದ್ಯಾನವಾಗಿ ಮಾಡಿ ಊರಿನ ಎಲ್ಲರಿಗೂ ತೆರೆದನು. ಹಾನ್ ಜನ ಕೋಟೆಯೊಳಗೆ ತಿರುಗಾಡಲು ಬಂದರು, ಕಾಸಿಲ್ಲದ ಧ್ವಜ ಕುಟುಂಬಗಳಿಗೆ ಅದರಿಂದ ಆದಾಯದ ದಾರಿಯಾಯಿತು. ಅದೇ ವರ್ಷ ರೈಲುಮಾರ್ಗಗಳನ್ನು ಸರ್ಕಾರ ವಶಪಡಿಸಿಕೊಂಡು ವಿದೇಶಿ ಸಾಲಕ್ಕೆ ಒಡ್ಡಿದ್ದರ ವಿರುದ್ಧ ಸಿಚುವಾನ್ ಪ್ರಾಂತವೇ ಎದ್ದುನಿಂತಿತು. ಸೆಪ್ಟೆಂಬರ್ 7ರಂದು ಪ್ರಾಂತಾಧಿಪತಿ ಝಾವೋ ಎರ್‌ಫೆಂಗ್ ಮನವಿ ಸಲ್ಲಿಸಲು ಬಂದವರ ಮೇಲೆ ಗುಂಡು ಹಾರಿಸಿದನು. ಈ ಝಾವೋ ಹಾನ್ ಧ್ವಜಕ್ಕೆ ಸೇರಿದವನು, ಎಂದರೆ ಮೂಲದಿಂದ ಹಾನ್. ಜನರ ಪರವಾಗಿ ನಿಲ್ಲಲು ನೋಡಿದ ಯೂಕುನ್ ಮಂಚೂ ಧ್ವಜದವನು. ಡಿಸೆಂಬರಿನಲ್ಲಿ ಝಾವೋನ ತಲೆ ಉರುಳಿತು. ದಂಡು ಆಯುಧಗಳನ್ನು ಒಪ್ಪಿಸಿತು, ಹೊಸ ಸರ್ಕಾರ ಕುಟುಂಬಗಳಿಗೆ ಕೆಲವು ತಿಂಗಳ ಪಡಿಯನ್ನು ಕೊಟ್ಟಿತು, ಷಿಯಾನಿನಲ್ಲಿ ಆದದ್ದು ಇಲ್ಲಿ ಆಗಲಿಲ್ಲ. ರೈಲು ಚಳವಳಿಯ ಹುತಾತ್ಮರ ಎತ್ತರದ ಸ್ಮಾರಕ ಸ್ತಂಭ ಅದೇ ಉದ್ಯಾನದಲ್ಲಿದೆ. ಮಂಚೂ ಅಧಿಪತಿ ತೆರೆದ ತೋಟದಲ್ಲಿ ಮಂಚೂ ಆಳ್ವಿಕೆಯ ವಿರುದ್ಧ ಸತ್ತವರ ಸ್ಮಾರಕವಿರುವುದು ನನಗೆ ಈ ಪ್ರವಾಸದಲ್ಲೇ ಅತ್ಯಂತ ಸಮಾಧಾನ ಕೊಟ್ಟ ದೃಶ್ಯ.

ಎಂಟನೆಯ ದಿನ: ನಾನ್‌ಜಿಂಗ್

ವಿಮಾನದಲ್ಲಿ ನಾನ್‌ಜಿಂಗಿಗೆ ಬಂದೆ. ಮಿಂಗ್ ಅರಮನೆ ಇದ್ದ ಜಾಗದಲ್ಲಿಯೇ ಚಿಂಗ್ ಅರಸರು ತಮ್ಮ ದಂಡನ್ನು ಕಟ್ಟಿದ್ದರು. 1853ರಲ್ಲಿ ತೈಪಿಂಗ್ ಬಂಡಾಯಗಾರರು ಊರನ್ನು ಹಿಡಿದಾಗ ಆ ದಂಡಿನ ಗಂಡು ಹೆಣ್ಣು ಮಕ್ಕಳನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದಿದ್ದರು. ಅಲ್ಲಿ ಮತ್ತೆ ನೆಲೆಗೊಂಡವರ ಮಕ್ಕಳು 1911ರ ಡಿಸೆಂಬರ್ 2ರಂದು ಮತ್ತೊಂದು ಪತನವನ್ನು ಕಂಡರು, ಕೋಟೆ ಪಾಳಾಯಿತು. ಇಂದು ಕಂಬಗಳ ಬುಡದ ಕಲ್ಲುಗಳೂ ಒಂದು ಬಾಗಿಲಿನ ಅವಶೇಷವೂ ಇವೆ, ಅವೆಲ್ಲ ಮಿಂಗ್ ಕಾಲದವು.

ಅಲ್ಲಿಂದ ಅಧ್ಯಕ್ಷ ಭವನಕ್ಕೆ ಹೋದೆ. 1912ರ ಜನವರಿ 1ರಂದು ಸನ್ ಯಾತ್ ಸೆನ್ ಇಲ್ಲಿ ತಾತ್ಕಾಲಿಕ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿ ಹಾನ್, ಮಂಚೂ, ಮಂಗೋಲ, ಹುಯ್ (ಮುಸಲ್ಮಾನ), ಟಿಬೆಟ್ ಜನರೆಲ್ಲ ಒಂದೇ ರಾಷ್ಟ್ರವೆಂದು ಘೋಷಿಸಿದರು. ಹದಿನೆಂಟು ಚುಕ್ಕೆಗಳ ಜಾಗಕ್ಕೆ ಐದು ಬಣ್ಣದ ಪಟ್ಟಿಗಳ ಧ್ವಜ ಬಂದಿತು. ಮನಸ್ಸು ಬದಲಾದದ್ದು ಒಂದು ಕಾರಣವಿರಬಹುದು. ಮಂಗೋಲಿಯಾ ಆಗಲೇ ಸ್ವಾತಂತ್ರ್ಯ ಸಾರಿತ್ತು, ಮಂಚೂಗಳನ್ನು ಹೊರದೂಡಿದರೆ ಸಾಮ್ರಾಜ್ಯದ ಅರ್ಧ ನೆಲ ಕೈಬಿಡುತ್ತದೆಂಬ ಲೆಕ್ಕ ಇನ್ನೂ ದೊಡ್ಡ ಕಾರಣವೆಂದು ನನಗೆ ತೋರುತ್ತದೆ. ಜನವರಿ 26ರಂದು, ಗಣರಾಜ್ಯದವರೊಡನೆ ರಾಜಿಗೆ ಒಪ್ಪದ ಮಂಚೂ ಸೇನಾನಿ ಲಿಯಾಂಗ್‌ಬಿಯ ಮೇಲೆ ಬೀಜಿಂಗಿನಲ್ಲಿ ಬಾಂಬು ಬಿದ್ದು ಅವನು ಸತ್ತ ಬಳಿಕ ರಾಜಕುಮಾರರ ವಿರೋಧ ಕುಸಿಯಿತು. ಫೆಬ್ರುವರಿ 12ರಂದು ರಾಜಮಾತೆ ಲಾಂಗ್‌ಯೂ ಸಿಂಹಾಸನ ತ್ಯಾಗದ ಆಜ್ಞೆಯನ್ನು ಹೊರಡಿಸಿದಳು. ಅದರಲ್ಲಿಯೂ ಐದು ಜನಗಳ ಒಂದೇ ಗಣರಾಜ್ಯವೆಂಬ ಮಾತೇ ಇತ್ತು. ಚಕ್ರವರ್ತಿಗೆ ವರ್ಷಕ್ಕೆ 40 ಲಕ್ಷ ಬೆಳ್ಳಿ ನಾಣ್ಯಗಳ ಭತ್ಯೆ, ಧ್ವಜದವರಿಗೆ ಹಾನ್ ಜನರೊಡನೆ ಸಮಾನತೆ, ಆಸ್ತಿಯ ರಕ್ಷಣೆ, ವಾಸ ಮತ್ತು ಕಸುಬಿನ ಮೇಲಿದ್ದ ನಿರ್ಬಂಧಗಳ ರದ್ದತಿ, ಬೇರೆ ಜೀವನೋಪಾಯ ಸಿಗುವವರೆಗೆ ಹಳೆಯ ಸಂಬಳ: ಇವೆಲ್ಲವೂ ಒಪ್ಪಂದದಲ್ಲಿ ಸೇರಿದವು. 1907ರಲ್ಲಿ ಸಲಹೆಯಾಗಿ ಬಂದು ನೆನೆಗುದಿಗೆ ಬಿದ್ದ ಸಂಗತಿಗಳೇ ಇವು.

ಸಂಜೆ ನೇರಳೆ ಬೆಟ್ಟದ ತಪ್ಪಲಿನ ಮಿಂಗ್ ಸ್ಥಾಪಕನ ಸಮಾಧಿಗೆ ಹೋದೆ. ಸಿಂಹಾಸನ ತ್ಯಾಗವಾದ ಮೂರನೆಯ ದಿನ ಸನ್ ಯಾತ್ ಸೆನ್ ತಮ್ಮ ಸಹೋದ್ಯೋಗಿಗಳೊಡನೆ ಇಲ್ಲಿಗೆ ಬಂದು, ಪರಕೀಯರ ಆಳ್ವಿಕೆ ಮುಗಿದು ದೇಶ ಮತ್ತೆ ತನ್ನವರ ಕೈಗೆ ಬಂದಿತೆಂದು ಆ ಹಾನ್ ಚಕ್ರವರ್ತಿಗೆ ವಿಧಿಪೂರ್ವಕ ನಿವೇದನೆ ಮಾಡಿದ್ದರು. ಐದು ಜನಗಳ ರಾಷ್ಟ್ರವನ್ನು ಸಾರಿದವರು ಆರೇ ವಾರಗಳಲ್ಲಿ ಅವರಲ್ಲಿ ಒಂದು ಜನವನ್ನು ಪರಕೀಯರೆಂದು ಕರೆದಂತಾಯಿತು. ಸಮಾನತೆ ಕಾಗದದ ಮೇಲೆ ಎಷ್ಟು ತೆಳುವಾಗಿತ್ತೆಂಬುದನ್ನು ಧ್ವಜದ ಕುಟುಂಬಗಳು ಮುಂದಿನ ವರ್ಷಗಳಲ್ಲಿ ಕಂಡವು. ಸಂಬಳ ತಡವಾಗುತ್ತ, ಕಡಿಮೆಯಾಗುತ್ತ ಬಂದು ಕೊನೆಗೆ ನಿಂತುಹೋಯಿತು. ಗಂಡಸರು ರಿಕ್ಷಾ ಎಳೆದರು, ಕಾವಲುಗಾರರಾದರು. ಕೆಲಸ ಸಿಗಬೇಕಾದರೆ ಮಂಚೂ ಎಂಬುದನ್ನು ಮುಚ್ಚಿಡಬೇಕಾಗಿ ಬಂದು ಅರಸರ ವಂಶದವರು ಜಿನ್ ಎಂದೂ ಗುವಲ್ಗಿಯಾ ಕುಲದವರು ಗುವಾನ್ ಎಂದೂ ಹಾನ್ ಮನೆತನದ ಹೆಸರುಗಳನ್ನು ಇಟ್ಟುಕೊಂಡರು. 1953ರ ಜನಗಣತಿಯಲ್ಲಿ ತಾವು ಮಂಚೂ ಎಂದು ಬರೆಸಿದವರು ಸುಮಾರು 24 ಲಕ್ಷ, 1982ರಲ್ಲಿ 43 ಲಕ್ಷ, 1990ರಲ್ಲಿ 98 ಲಕ್ಷ. ಎಂಟು ವರ್ಷಗಳಲ್ಲಿ ಜನ ಎರಡು ಪಟ್ಟಾಗುವಷ್ಟು ಮಕ್ಕಳು ಹುಟ್ಟುವುದಿಲ್ಲ. ಅಲ್ಪಸಂಖ್ಯಾತರಿಗೆ ಸರ್ಕಾರ ಕೊಟ್ಟ ಸೌಲಭ್ಯಗಳ ಜೊತೆಗೆ, ಹೆಸರು ಹೇಳಿಕೊಂಡರೆ ಇನ್ನು ಅಪಾಯವಿಲ್ಲವೆಂಬ ಧೈರ್ಯವೂ ಆ ಅಂಕಿಗಳಲ್ಲಿ ಸೇರಿದೆ.